ವಯಸ್ಸಾಯ್ತಲ್ಲ ಎನ್ನುವ ಮೊದಲು: ಹಿರಿಯರನ್ನು ತಪಾಸಣೆ ಮಾಡಿ ನೋಡಿಕೊಳ್ಳುವ ನರ್ಸ್‌ಗೆ ಹಂತ ಹಂತದ ಕೈಪಿಡಿ

ನಾನು ಕೆಲಸಕ್ಕೆ ಸೇರಿದ ಹೊಸತು. ವಾರ್ಡಿನಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಇದ್ದರು. ಎರಡು ದಿನ ಬಹಳ ಶಾಂತವಾಗಿದ್ದರು. ಬೆಲ್ ಒತ್ತುತ್ತಿರಲಿಲ್ಲ, ಯಾರನ್ನೂ ಕರೆಯುತ್ತಿರಲಿಲ್ಲ, ಕೊಟ್ಟದ್ದನ್ನು ಅರ್ಧ ತಿಂದು ಮಲಗುತ್ತಿದ್ದರು. 'ಆರನೇ ಬೆಡ್ಡಿನವರದ್ದು ಏನೂ ತೊಂದರೆ ಇಲ್ಲ, ಆರಾಮಾಗಿ ನಿದ್ದೆ ಮಾಡ್ತಿದ್ದಾರೆ' ಎಂದು ಮುಂದಿನ ಶಿಫ್ಟಿನವರಿಗೆ ಹ್ಯಾಂಡೋವರ್ ಕೊಟ್ಟವಳು ನಾನೇ.

ಮೂರನೇ ದಿನ ಅವರ ಮಗಳು ಬಂದರು. 'ನಮ್ಮಮ್ಮ ಹೀಗಲ್ಲ ಸಿಸ್ಟರ್. ಒಂದು ನಿಮಿಷ ಬಾಯಿ ಮುಚ್ಚಿಕೊಂಡು ಇರುವವರಲ್ಲ ಇವರು' ಎಂದರು. ಆಗ ಹೊಟ್ಟೆ ಮುಟ್ಟಿ ನೋಡಿದೆ. ಕೆಳಹೊಟ್ಟೆ ಗಟ್ಟಿಯಾಗಿ ಉಬ್ಬಿತ್ತು. ಮೂತ್ರ ಕಟ್ಟಿಕೊಂಡಿತ್ತು. ತುರಿಕೆಗೆಂದು ಹೊಸದಾಗಿ ಶುರು ಮಾಡಿದ್ದ ಒಂದು ಹಳೇ ಕಾಲದ ಅಲರ್ಜಿ ಮಾತ್ರೆ ಅವರ ಮೂತ್ರವನ್ನೂ ಕಟ್ಟಿಸಿತ್ತು, ತಲೆಯನ್ನೂ ಮಂಕು ಮಾಡಿತ್ತು. ಮೂತ್ರ ತೆಗೆದು, ಮಾತ್ರೆ ನಿಲ್ಲಿಸಿ ಎರಡು ದಿನ ಕಳೆಯುವಷ್ಟರಲ್ಲಿ ಅಜ್ಜಿ ನನಗೇ ಬೈಯುವಷ್ಟು ಚುರುಕಾದರು.

ಆಮೇಲೆ ಎಷ್ಟು ಮಂದಿ ಹಿರಿಯರನ್ನು ನೋಡಿದರೂ ನನ್ನ ಮೊದಲ ಪ್ರಶ್ನೆ ಬದಲಾಗಿಲ್ಲ: ಇವರು ಮಾಮೂಲಿಯಾಗಿ ಹೇಗಿರುತ್ತಾರೆ? ಕೆಳಗೆ ಬರೆದ ಹಂತಗಳೆಲ್ಲ ಈ ಪ್ರಶ್ನೆಗೇ ಕಟ್ಟಿಕೊಂಡಿವೆ. ನರ್ಸಿಂಗ್ ಓದುವವರಿಗೆ, ಹೊಸದಾಗಿ ವಾರ್ಡಿಗೆ ಬಂದವರಿಗೆ, ಮನೆಗೆ ಹೋಗಿ ಆರೈಕೆ ಮಾಡುವವರಿಗೆ ಇದನ್ನು ಬರೆದಿದ್ದೇನೆ.

ಹಂತ 1: ಮಾಮೂಲಿ ಸ್ಥಿತಿ ಏನು ಎಂದು ಬರೆದಿಡಿ

ಬಿಪಿ ಮಷೀನ್ ಕೈಗೆತ್ತಿಕೊಳ್ಳುವ ಮೊದಲೇ ಈ ಕೆಲಸ ಆಗಬೇಕು. 'ಎರಡು ವಾರದ ಹಿಂದೆ ಇವರು ಬೆಳಿಗ್ಗೆ ಎದ್ದು ಏನೇನು ಮಾಡುತ್ತಿದ್ದರು?' ಎಂದು ಕೇಳಿ. 'ಹುಷಾರಾಗಿದ್ದರಾ?' ಎಂದು ಕೇಳಿದರೆ 'ಹೂಂ, ಇದ್ದರು' ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ತಾವೇ ಎದ್ದು ಬಚ್ಚಲಿಗೆ ಹೋಗುತ್ತಿದ್ದರಾ? ಕೋಲು ಹಿಡಿಯುತ್ತಿದ್ದರಾ? ಮೊಮ್ಮಕ್ಕಳ ಹೆಸರು ತಪ್ಪುತ್ತಿತ್ತಾ? ಮಾತ್ರೆ ತಾವೇ ತೆಗೆದುಕೊಳ್ಳುತ್ತಿದ್ದರಾ, ಯಾರಾದರೂ ಕೊಡಬೇಕಿತ್ತಾ?

ಮೊದಲು ಹಿರಿಯರನ್ನೇ ಕೇಳಿ. ಅವರ ತಲೆಯ ಮೇಲಿಂದ ಮಗನ ಜೊತೆ ಮಾತಾಡುವ ಚಾಳಿ ನಮ್ಮಲ್ಲಿ ಬಹಳ ಇದೆ. ಅವರು ಹೇಳಿ ಮುಗಿಸಿದ ಮೇಲೆ ಜೊತೆಗಿರುವವರನ್ನು ಕೇಳಿ. ಇಬ್ಬರ ಉತ್ತರ ಬೇರೆಯಾದರೆ ಎರಡನ್ನೂ ಬರೆಯಿರಿ. ಹಾಗೆ ಬೇರೆಯಾಗಿರುವುದೂ ಒಂದು ಸುಳಿವೇ.

ಇದು ಇಷ್ಟು ಮುಖ್ಯವಾಗುವುದಕ್ಕೆ ಕಾರಣವಿದೆ. ವಯಸ್ಸಾದವರಲ್ಲಿ ಕಾಯಿಲೆ ಪುಸ್ತಕದಲ್ಲಿ ಬರೆದ ಹಾಗೆ ಬರುವುದಿಲ್ಲ. ನ್ಯುಮೋನಿಯಾ ಜ್ವರ, ಕೆಮ್ಮು ಇಲ್ಲದೆ ಬರಿ ಗೊಂದಲವಾಗಿ ಕಾಣಬಹುದು. ಹೃದಯಾಘಾತ ಎದೆನೋವಿಲ್ಲದೆ ಸುಸ್ತು, ಉಬ್ಬಸವಾಗಿ ಬರಬಹುದು. ಒಳಗೆ ಸೋಂಕು ಏರುತ್ತಿದ್ದರೆ ಹೊರಗೆ ಕಾಣುವುದು 'ಇವತ್ತು ಊಟ ಬೇಡ ಅಂದರು, ಬಿದ್ದರು, ಹಾಸಿಗೆ ಒದ್ದೆ ಮಾಡಿಕೊಂಡರು' ಎಂಬ ಸಣ್ಣ ಬದಲಾವಣೆ ಅಷ್ಟೇ. ಮಾಮೂಲಿ ಗೊತ್ತಿಲ್ಲದಿದ್ದರೆ ಬದಲಾವಣೆ ಕಾಣುವುದು ಹೇಗೆ?

ಹಂತ 2: ಕೇಳಿಸುವಂತೆ, ಕಾಣಿಸುವಂತೆ ಕೂರಿ

ಕನ್ನಡಕ ಹಾಕಿಸಿ. ಕಿವಿ ಮಷೀನ್ ಇದ್ದರೆ ಹಾಕಿಸಿ, ಅದರ ಬ್ಯಾಟರಿಯಲ್ಲಿ ಜೀವ ಇದೆಯಾ ನೋಡಿ. ಕಟ್ಟಿಸಿದ ಹಲ್ಲು ಇದ್ದರೆ ಬಾಯಲ್ಲಿರಲಿ, ಮಾತು ಸ್ಪಷ್ಟವಾಗುತ್ತದೆ. ಮೂತ್ರಕ್ಕೆ ಹೋಗಬೇಕಾ ಎಂದು ಕೇಳಿ. ಅವಸರದಲ್ಲಿ ಕೂತವರಿಂದ ಸರಿಯಾದ ಉತ್ತರ ಬರುವುದಿಲ್ಲ.

ಕಿಟಕಿಗೆ ಬೆನ್ನು ಹಾಕಿ ನೀವು ನಿಲ್ಲಬೇಡಿ, ನಿಮ್ಮ ಮುಖ ಅವರಿಗೆ ಕಪ್ಪಾಗಿ ಕಾಣುತ್ತದೆ. ಅವರ ಕಣ್ಣಿನ ಮಟ್ಟಕ್ಕೆ ಕೂತುಕೊಳ್ಳಿ. ಮಾತಾಡುವಾಗ ಮಾಸ್ಕ್ ತುಟಿಯನ್ನು ಮುಚ್ಚುತ್ತದೆ ಎಂಬುದು ನೆನಪಿರಲಿ. ಕಿರುಚಬೇಡಿ. ವಯಸ್ಸಾದಂತೆ ಮೊದಲು ಕಡಿಮೆಯಾಗುವುದು ತಾರಕ ಸ್ವರ ಕೇಳುವ ಶಕ್ತಿ. ಕಿರುಚಿದರೆ ದನಿ ಇನ್ನೂ ಮೇಲೇರುತ್ತದೆ, ಅವರಿಗೆ ಇನ್ನೂ ಕಡಿಮೆ ಕೇಳಿಸುತ್ತದೆ. ದನಿಯ ಶ್ರುತಿ ತಗ್ಗಿಸಿ, ನಿಧಾನವಾಗಿ, ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಿರಿ. 'ಕಿವುಡು ಜಾಸ್ತಿಯಾಗಿದೆ' ಎಂದಾಗ ಕಿವಿಯೊಳಗೆ ಗುಗ್ಗೆ ಕಟ್ಟಿದೆಯಾ ಎಂದು ಒಮ್ಮೆ ನೋಡಿಸಿ. ಎಷ್ಟೋ ಸಲ ಅಷ್ಟೇ ಆಗಿರುತ್ತದೆ.

ಏನೆಂದು ಕರೆಯಲಿ ಎಂದು ಕೇಳಿಬಿಡಿ. ಕೆಲವರಿಗೆ ಅಜ್ಜಿ ಎಂದರೆ ಇಷ್ಟ, ಕೆಲವರಿಗೆ ಮೇಡಂ ಎನ್ನಬೇಕು. ಜೀವನಪೂರ್ತಿ ಮೇಷ್ಟ್ರಾಗಿದ್ದವರನ್ನು 'ಏನ್ ತಾತ' ಎಂದರೆ ಅವರು ಆ ದಿನ ನಿಮ್ಮ ಹತ್ತಿರ ಮಾತೇ ಆಡದಿರಬಹುದು.

ಹಂತ 3: ಬಿಪಿ, ನಾಡಿ, ಉಸಿರು, ಜ್ವರ

ಅಳತೆಗಳು ಅವೇ, ಓದುವ ರೀತಿ ಬೇರೆ.

ಜ್ವರ ಎಂದರೆ ಹಿರಿಯರಲ್ಲಿ ಕೆಳಗಿನ ಮಟ್ಟದಲ್ಲೇ ಎಚ್ಚರವಾಗಬೇಕು. ಬಾಯಲ್ಲಿ ಒಂದು ಸಲ 37.8 ಡಿಗ್ರಿ ಸೆಲ್ಸಿಯಸ್, ಅಂದರೆ 100 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಜ್ವರವೇ. ಮತ್ತೆ ಮತ್ತೆ 37.2 ದಾಟುತ್ತಿದ್ದರೂ ಜ್ವರವೇ. ಮಾಮೂಲಿ ಉಷ್ಣತೆಗಿಂತ 1.1 ಡಿಗ್ರಿ ಸೆಲ್ಸಿಯಸ್ ಏರಿದರೂ ಹಾಗೇ ತಿಳಿಯಿರಿ. ಜ್ವರ ಇಲ್ಲ ಎಂದ ಮಾತ್ರಕ್ಕೆ ಸೋಂಕು ಇಲ್ಲ ಎಂದಲ್ಲ.

ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು, ಅದಕ್ಕಿಂತ ಹೆಚ್ಚಾಗಿ ಚಾರ್ಟಿನಲ್ಲಿ ಸುಮ್ನೆ 18 ಎಂದು ಬರೆದುಬಿಡುವುದು, ಇವೆರಡನ್ನೂ ನಾವು ಮಾಡಿದ್ದೇವೆ ಅಲ್ವಾ? ನಿಮಿಷಕ್ಕೆ 25 ಮತ್ತು ಅದಕ್ಕಿಂತ ಜಾಸ್ತಿ ಇದ್ದರೆ ಎದೆಯ ಸೋಂಕನ್ನು ಯೋಚಿಸಬೇಕು. ಎಷ್ಟೋ ಸಲ ಬೇರೆಲ್ಲಕ್ಕಿಂತ ಮೊದಲು ಏರುವುದು ಇದೇ.

ಬಿಪಿಯನ್ನು ಮಲಗಿಸಿ ನೋಡಿದರೆ ಸಾಲದು. ಐದು ನಿಮಿಷ ಮಲಗಿಸಿ ಒಮ್ಮೆ, ನಿಲ್ಲಿಸಿ ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಇನ್ನೊಮ್ಮೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ, ಎದ್ದಾಗ ಬಿಪಿ ಬೀಳುತ್ತಿದೆ ಎಂದರ್ಥ. ಅವರು ಬೀಳುವುದಕ್ಕೆ ಅದೇ ಕಾರಣ ಇರಬಹುದು. ನಿಲ್ಲಿಸುವಾಗ ಪಕ್ಕದಲ್ಲಿ ನೀವೇ ಇರಿ, ತಲೆ ಸುತ್ತು ಬಂದರೆ ಕೂಡಲೇ ಕೂರಿಸಿ.

ದೇಹದಲ್ಲಿ ನೀರು ಕಡಿಮೆಯಾಗಿದೆಯಾ ಎಂದು ಕೈಯ ಹಿಂಭಾಗದ ಚರ್ಮ ಎಳೆದು ನೋಡುವುದು ಹಿರಿಯರಲ್ಲಿ ಮೋಸ ಮಾಡುತ್ತದೆ, ಅಲ್ಲಿ ಚರ್ಮ ಮೊದಲೇ ಸಡಿಲ. ಎದೆಮೂಳೆಯ ಮೇಲಿನ ಚರ್ಮ ನೋಡಿ, ನಾಲಿಗೆ ಒಣಗಿದೆಯಾ ನೋಡಿ, ಮೂತ್ರ ಎಷ್ಟು ಹೋಗಿದೆ ಕೇಳಿ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಕಡಿಮೆಯಾಗುತ್ತದೆ. 'ಬಾಯಾರಿದರೆ ಕೇಳ್ತಾರೆ' ಎಂದು ಕಾಯುವ ಹಾಗಿಲ್ಲ.

ಹಂತ 4: ದಿನದ ಕೆಲಸ ತಾವೇ ಮಾಡಿಕೊಳ್ಳುತ್ತಾರಾ

1963ರಲ್ಲಿ ಸಿಡ್ನಿ ಕಾಟ್ಜ್ ಮತ್ತು ಜೊತೆಗಾರರು ಕೊಟ್ಟ ಪಟ್ಟಿ ಇವತ್ತಿಗೂ ಸಾಕು: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ. ಒಂದೊಂದಕ್ಕೂ ತಾವೇ ಮಾಡಿಕೊಂಡರೆ 1, ಸಹಾಯ ಬೇಕಿದ್ದರೆ 0. ಒಟ್ಟು ಆರು. ಫೋನ್ ಮಾಡುವುದು, ಹಣದ ಲೆಕ್ಕ, ಮಾತ್ರೆ, ಅಡುಗೆ, ಓಡಾಟದಂಥ ದೊಡ್ಡ ಕೆಲಸಗಳಿಗೆ ಲಾಟನ್ ಮತ್ತು ಬ್ರಾಡಿ 1969ರಲ್ಲಿ ಬೇರೆ ಪಟ್ಟಿ ಮಾಡಿದರು. ಮೊದಲು ತಪ್ಪುವುದು ಸಾಮಾನ್ಯವಾಗಿ ಈ ದೊಡ್ಡ ಕೆಲಸಗಳು, ಸ್ನಾನ ಊಟಗಳೆಲ್ಲ ಆಮೇಲೆ.

ಒಂದು ಮಾತು: ಕೇಳಬೇಡಿ, ನೋಡಿ. 'ಗುಂಡಿ ಹಾಕಿಕೊಳ್ತೀರಾ?' ಎಂದರೆ ಎಲ್ಲರೂ ಹೌದು ಎನ್ನುತ್ತಾರೆ. 'ಈ ಅಂಗಿ ಹಾಕಿಕೊಳ್ಳಿ' ಎಂದು ಕೊಟ್ಟು ಐದು ನಿಮಿಷ ನಿಲ್ಲಿ. ಕೈ ಎಲ್ಲಿ ತಡೆಯುತ್ತದೆ, ನೋವು ಎಲ್ಲಿದೆ, ಮುಂದಿನ ಹೆಜ್ಜೆ ಮರೆತು ಹೋಗುತ್ತಿದೆಯಾ, ಎಲ್ಲ ಅಲ್ಲೇ ಕಾಣುತ್ತದೆ.

ಹಂತ 5: ನಡಿಗೆ ಮತ್ತು ಬೀಳುವ ಭಯ

ಕಳೆದ ಒಂದು ವರ್ಷದಲ್ಲಿ ಬಿದ್ದಿದ್ದೀರಾ? ನಡೆಯುವಾಗ ಹೆದರಿಕೆ ಆಗುತ್ತದಾ? ಈ ಎರಡು ಪ್ರಶ್ನೆ ಬಿಡಬೇಡಿ. ಬಿದ್ದದ್ದನ್ನು ಹೇಳಿದರೆ ಮನೆಯಲ್ಲಿ ಓಡಾಟಕ್ಕೇ ಕಡಿವಾಣ ಬೀಳುತ್ತದೆ ಎಂದು ಮುಚ್ಚಿಡುವವರು ಬಹಳ. ಹೆದರಿ ನಡೆಯುವುದನ್ನೇ ಬಿಟ್ಟವರ ಕಾಲು ಇನ್ನೂ ಸೋಲುತ್ತದೆ. ಆಮೇಲೆ ಬೀಳುವುದೂ ಜಾಸ್ತಿಯಾಗುತ್ತದೆ.

ನಂತರ ನಡೆಸಿ ನೋಡಿ. ಕೈಯಿರುವ ಕುರ್ಚಿ, ಅಲ್ಲಿಂದ 3 ಮೀಟರ್ ದೂರದಲ್ಲಿ ನೆಲದ ಮೇಲೆ ಒಂದು ಗುರುತು. ಎದ್ದು, ಮಾಮೂಲಿ ವೇಗದಲ್ಲಿ ಗುರುತಿನವರೆಗೆ ನಡೆದು, ತಿರುಗಿ ಬಂದು ಕೂರಬೇಕು. ಅವರ ಮಾಮೂಲಿ ಚಪ್ಪಲಿ, ಮಾಮೂಲಿ ಕೋಲು ಇರಲಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಎಂದು ತಿಳಿಯಿರಿ. ಗಡಿಯಾರಕ್ಕಿಂತ ನಿಮ್ಮ ಕಣ್ಣು ಹೆಚ್ಚು ಹೇಳುತ್ತದೆ: ಎದ್ದೇಳಲು ಎರಡು ಮೂರು ಸಲ ತೂಗಿದರಾ, ತಿರುಗುವಾಗ ಸಣ್ಣ ಸಣ್ಣ ಹೆಜ್ಜೆ ಇಟ್ಟರಾ, ಕುರ್ಚಿಗೆ ಧೊಪ್ಪನೆ ಬಿದ್ದರಾ.

ವಾರ್ಡಿನಲ್ಲಿ ಹಾಸಿಗೆಯನ್ನು ತಗ್ಗಿಸಿಡಿ, ಚಕ್ರಕ್ಕೆ ಲಾಕ್ ಹಾಕಿ, ಬೆಲ್, ಕನ್ನಡಕ, ನೀರು ಕೈಗೆಟುಕಲಿ, ರಾತ್ರಿ ಸಣ್ಣ ದೀಪ ಉರಿಯಲಿ. ಹಾಸಿಗೆಯ ಎರಡೂ ಕಡೆ ಕಂಬಿ ಎತ್ತಿಬಿಟ್ಟರೆ ನಿಶ್ಚಿಂತೆ ಎಂದುಕೊಳ್ಳಬೇಡಿ. ಗೊಂದಲದಲ್ಲಿರುವವರು ಕಂಬಿ ಹತ್ತಿ ಇನ್ನೂ ಎತ್ತರದಿಂದ ಬೀಳುತ್ತಾರೆ. ಎದ್ದೋಡುವವರಲ್ಲಿ ಎಷ್ಟೋ ಮಂದಿ ಹೊರಟಿರುವುದು ಮೂತ್ರಕ್ಕೆ. ಹೊತ್ತಿಗೆ ಸರಿಯಾಗಿ ನೀವೇ ಕರೆದುಕೊಂಡು ಹೋದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಯಾರಾದರೂ ಬಿದ್ದರೆ ಓಡಿಹೋಗಿ ಎತ್ತಬೇಡಿ. ಅಲ್ಲೇ ಮಂಡಿಯೂರಿ ಪ್ರಜ್ಞೆ, ಕುತ್ತಿಗೆ, ತಲೆ, ಸೊಂಟ ನೋಡಿ. ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಸೊಂಟದ ಹತ್ತಿರ ಮೂಳೆ ಮುರಿದಿರಬಹುದು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟು ಬಿದ್ದಿದ್ದರೆ, ಅವರು ನಗುತ್ತಾ ಮಾತಾಡುತ್ತಿದ್ದರೂ ಡಾಕ್ಟರಿಗೆ ಕೂಡಲೇ ತಿಳಿಸಿ.

ಹಂತ 6: ತಲೆ ಮತ್ತು ಮನಸ್ಸು

ಇಲ್ಲಿ ನಿಧಾನಿಸಿ, ಏಕೆಂದರೆ ನಾವು ಜಾಸ್ತಿ ಎಡವುವುದು ಇಲ್ಲೇ. ಡೆಲಿರಿಯಮ್ (ದಿಢೀರ್ ಬರುವ ಗೊಂದಲ), ಡಿಮೆನ್ಷಿಯಾ (ಮರೆವಿನ ಕಾಯಿಲೆ), ಖಿನ್ನತೆ ಮೂರೂ ಹೊರಗಿನಿಂದ ಒಂದೇ ತರಹ ಕಾಣುತ್ತವೆ. ಡಿಮೆನ್ಷಿಯಾ ತಿಂಗಳು, ವರ್ಷಗಳಲ್ಲಿ ಮೆಲ್ಲಗೆ ಬರುತ್ತದೆ. ಖಿನ್ನತೆ ಸಾಮಾನ್ಯವಾಗಿ ವಾರ, ತಿಂಗಳುಗಳ ಲೆಕ್ಕ. ಡೆಲಿರಿಯಮ್ ಗಂಟೆಗಳಲ್ಲಿ, ದಿನಗಳಲ್ಲಿ ಬಂದು ಎರಗುತ್ತದೆ, ಒಂದೇ ದಿನದಲ್ಲಿ ಏರಿಳಿಯುತ್ತದೆ. ಇದು ತುರ್ತು ಸ್ಥಿತಿ. ಡಿಮೆನ್ಷಿಯಾ ಇರುವವರಿಗೆ ಡೆಲಿರಿಯಮ್ ಬರುವ ಅಪಾಯ ಇನ್ನೂ ಜಾಸ್ತಿ. ಹಾಗಾಗಿ 'ಇವರಿಗೆ ಮೊದಲಿಂದಲೂ ಮರೆವು' ಎಂಬ ಉತ್ತರಕ್ಕೆ ಸಮಾಧಾನ ಪಡಬೇಡಿ.

ಡೆಲಿರಿಯಮ್ ಗುರುತಿಸಲು 1990ರಲ್ಲಿ ಶರನ್ ಇನೂಯೆ ಮತ್ತು ಜೊತೆಗಾರರು ಕೊಟ್ಟ 'ಕ್ಯಾಮ್' (ಕನ್‌ಫ್ಯೂಷನ್ ಅಸೆಸ್‌ಮೆಂಟ್ ಮೆಥಡ್) ವಿಧಾನ ಇದೆ. ನಾಲ್ಕು ಅಂಶ ನೋಡಬೇಕು.

- ದಿಢೀರ್ ಬದಲಾವಣೆ, ಅದರಲ್ಲಿ ಏರಿಳಿತ
- ಗಮನ ನಿಲ್ಲದಿರುವುದು
- ಮಾತಿಗೆ ತಲೆಬುಡ ಇಲ್ಲದಿರುವುದು
- ಎಚ್ಚರದ ಮಟ್ಟ ಬದಲಾಗಿರುವುದು: ವಿಪರೀತ ತಳಮಳ ಅಥವಾ ವಿಪರೀತ ಮಂಪರು

ಮೊದಲ ಎರಡೂ ಇರಲೇಬೇಕು, ಜೊತೆಗೆ ಮೂರು ಅಥವಾ ನಾಲ್ಕರಲ್ಲಿ ಒಂದಿದ್ದರೆ ಡೆಲಿರಿಯಮ್ ಎಂದು ಹಿಡಿಯಿರಿ. ಗಮನ ಪರೀಕ್ಷಿಸಲು ವಾರದ ದಿನಗಳನ್ನು ಹಿಂದಿನಿಂದ ಹೇಳಿಸಿ. ಭಾನುವಾರ, ಶನಿವಾರ ಎಂದು ಶುರು ಮಾಡಿ ಮಧ್ಯದಲ್ಲಿ ಫ್ಯಾನ್ ನೋಡುತ್ತಾ ಕೂತರೆ ನಿಮಗೆ ಉತ್ತರ ಸಿಕ್ಕಿತು.

ಕೂಗಾಡುವ ಡೆಲಿರಿಯಮ್ ಎಲ್ಲರ ಕಣ್ಣಿಗೂ ಬೀಳುತ್ತದೆ. ಸುಮ್ಮನೆ ಮಲಗಿರುವ ಡೆಲಿರಿಯಮ್ ಯಾರಿಗೂ ಕಾಣುವುದಿಲ್ಲ. ನನ್ನ ಆರನೇ ಬೆಡ್ಡಿನ ಅಜ್ಜಿಗೆ ಇದ್ದದ್ದು ಅದೇ.

ಗುರುತಿಸಿದ ಕೂಡಲೇ ಕಾರಣ ಹುಡುಕಿ. ಡಾಕ್ಟರಿಗೆ ಫೋನ್ ಮಾಡುವ ಮೊದಲು ನೀವೇ ನೋಡಬಹುದಾದದ್ದು ಸಾಕಷ್ಟಿದೆ: ಸಕ್ಕರೆ, ಆಮ್ಲಜನಕ, ಉಷ್ಣತೆ, ಕೆಳಹೊಟ್ಟೆ ಉಬ್ಬಿದೆಯಾ, ಎಷ್ಟು ದಿನದಿಂದ ಮಲ ಹೋಗಿಲ್ಲ, ನೋವಿದೆಯಾ, ಹೊಸ ಮಾತ್ರೆ ಯಾವುದು, ನಿಲ್ಲಿಸಿದ ಮಾತ್ರೆ ಯಾವುದು. ಆರೈಕೆ ಕೇಳಲು ಸಾಮಾನ್ಯ: ಹಗಲಲ್ಲಿ ಬೆಳಕು, ರಾತ್ರಿ ಕತ್ತಲೆ, ಕನ್ನಡಕ, ಗೋಡೆ ಗಡಿಯಾರ, ಪರಿಚಿತ ಮುಖ, ನೀರು, ಎಬ್ಬಿಸಿ ಕೂರಿಸುವುದು. ರಾತ್ರಿ ಎರಡು ಗಂಟೆಗೆ ಬಿಪಿ ನೋಡಲು ಎಬ್ಬಿಸುವುದು ಅಗತ್ಯವೇ ಎಂದು ಡಾಕ್ಟರನ್ನು ಕೇಳಿ. ಕೈಕಾಲು ಕಟ್ಟಿದರೆ ತಳಮಳ ಹೆಚ್ಚಾಗುತ್ತದೆ. ಕಾಣದ್ದನ್ನು ಕಂಡೆ ಎಂದರೆ ವಾದಿಸಬೇಡಿ. 'ಹೆದರಬೇಡಿ, ನಾನು ಇಲ್ಲೇ ಇದ್ದೀನಿ' ಎನ್ನಿ.

ಡೆಲಿರಿಯಮ್ ಇಲ್ಲ ಎಂದು ಖಾತ್ರಿಯಾದ ಮೇಲೆ ಮಾತ್ರ ಮರೆವಿನ ಪರೀಕ್ಷೆ. ಮಿನಿ-ಕಾಗ್ ಚಿಕ್ಕದು: ಮೂರು ಪದ ಹೇಳಿ, ಗಡಿಯಾರದ ಚಿತ್ರ ಬರೆಸಿ, ಆ ಮೂರು ಪದ ಮತ್ತೆ ಕೇಳಿ. ಐದಕ್ಕೆ ಮೂರಕ್ಕಿಂತ ಕಡಿಮೆ ಬಂದರೆ ಮುಂದಿನ ತಪಾಸಣೆ ಬೇಕು. ಪೆನ್ನು ಹಿಡಿದು ಅಭ್ಯಾಸವೇ ಇಲ್ಲದವರಿಗೆ ಗಡಿಯಾರ ಬರೆಯಿರಿ ಎನ್ನುವುದು ಅನ್ಯಾಯ. ಅಂಥವರಲ್ಲಿ ಅಂಕಕ್ಕಿಂತ ಮನೆಯವರು ಹೇಳುವ ಬದಲಾವಣೆಗೇ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಖಿನ್ನತೆಗೆ 15 ಪ್ರಶ್ನೆಗಳ ಜೆರಿಯಾಟ್ರಿಕ್ ಡಿಪ್ರೆಷನ್ ಸ್ಕೇಲ್ ಇದೆ, ಎಲ್ಲ ಹೌದು-ಇಲ್ಲ ಪ್ರಶ್ನೆ. ಐದಕ್ಕಿಂತ ಜಾಸ್ತಿ ಬಂದರೆ ಡಾಕ್ಟರಿಗೆ ತಿಳಿಸಿ. ವಯಸ್ಸಾದವರು 'ಬೇಜಾರು' ಎಂದು ಹೇಳುವುದು ಕಡಿಮೆ, 'ಮೈಗೆ ಆಗ್ತಿಲ್ಲ', 'ಊಟ ಸೇರ್ತಿಲ್ಲ' ಎನ್ನುತ್ತಾರೆ. 'ಬದುಕಿ ಏನಾಗಬೇಕು' ಎಂಬ ಮಾತು ಬಂದರೆ ಅದನ್ನು ವಯಸ್ಸಿನ ಮಾತು ಎಂದು ತಳ್ಳಿಹಾಕದೆ, ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಿ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ಆಗಲೇ ಡಾಕ್ಟರಿಗೆ ತಿಳಿಸಿ.

ಹಂತ 7: ಮಾತ್ರೆ ಚೀಲ ತರಿಸಿ

ಚೀಟಿ ಸಾಲದು, ಚೀಲವನ್ನೇ ತರಿಸಿ. ಅದರಲ್ಲಿ ಕಣ್ಣಿನ ಹನಿ, ಮುಲಾಮು, ನಾಟಿ ಔಷಧಿ, ಪಕ್ಕದ ಮನೆಯವರು ಕೊಟ್ಟ ನಿದ್ದೆ ಮಾತ್ರೆ ಎಲ್ಲ ಇರಲಿ. ಐದು ಅಥವಾ ಹೆಚ್ಚು ಔಷಧಿ ಇದ್ದರೆ ಪ್ರತಿಯೊಂದಕ್ಕೂ 'ಇದು ಯಾತಕ್ಕೆ?' ಎಂದು ಕೇಳಿ. ಉತ್ತರ ಇಲ್ಲದ ಮಾತ್ರೆಯ ಪಕ್ಕ ಗುರುತು ಹಾಕಿ ಡಾಕ್ಟರಿಗೆ ತೋರಿಸಿ.

ಒಂದು ಸರಪಳಿ ನೋಡಿ. ಬಿಪಿಗೆ ಆಮ್ಲೋಡಿಪಿನ್ ಕೊಟ್ಟರು, ಪಾದ ಊದಿತು. ಊತಕ್ಕೆ ಮೂತ್ರ ಹೋಗುವ ಮಾತ್ರೆ ಕೊಟ್ಟರು, ರಾತ್ರಿ ಮೂರು ಸಲ ಏಳುವಂತಾಯಿತು. ಹಿಡಿತ ತಪ್ಪುತ್ತದೆ ಎಂದು ಇನ್ನೊಂದು ಮಾತ್ರೆ ಬಂತು, ಅದರಿಂದ ಬಾಯಿ ಒಣಗಿ ತಲೆ ಮಂಕಾಯಿತು. ಕೊನೆಗೆ ಒಂದು ರಾತ್ರಿ ಬಿದ್ದರು. ಈ ಸರಪಳಿಯನ್ನು ಪೂರ್ತಿ ನೋಡುವವರು ಹೆಚ್ಚಾಗಿ ನರ್ಸೇ, ಏಕೆಂದರೆ ರಾತ್ರಿ ಅಲ್ಲಿರುವವರು ನಾವು.

ಹಿರಿಯರಲ್ಲಿ ತಪ್ಪಿಸಬೇಕಾದ ಔಷಧಿಗಳ ಪಟ್ಟಿಯನ್ನು ಡಾಕ್ಟರ್ ಮಾರ್ಕ್ ಬಿಯರ್ಸ್ 1991ರಲ್ಲಿ ಶುರು ಮಾಡಿದರು. ಈಗ ಅಮೆರಿಕದ ಜೆರಿಯಾಟ್ರಿಕ್ಸ್ ಸೊಸೈಟಿ ಅದನ್ನು ಪರಿಷ್ಕರಿಸುತ್ತದೆ, 2023ರಲ್ಲೂ ಪರಿಷ್ಕರಿಸಿತು. ಡಯಾಜೆಪಾಮ್‌ನಂಥ ನಿದ್ದೆ ಮಾತ್ರೆಗಳು, ಹಳೇ ಅಲರ್ಜಿ ಮಾತ್ರೆಗಳು, ದಿನಗಟ್ಟಲೆ ತೆಗೆದುಕೊಳ್ಳುವ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು, ಸಕ್ಕರೆಗೆ ಕೊಡುವ ಗ್ಲಿಬೆನ್‌ಕ್ಲಮೈಡ್, ಇವು ಕಂಡರೆ ಕಿವಿ ನೆಟ್ಟಗಾಗಲಿ. ಆದರೆ ನೀವಾಗಿ ನಿಲ್ಲಿಸಬೇಡಿ. ನಿದ್ದೆ ಮಾತ್ರೆಯನ್ನು ದಿಢೀರ್ ನಿಲ್ಲಿಸುವುದೂ ಅಪಾಯ. ಕಿಡ್ನಿ ನಿಧಾನವಾದರೆ ಔಷಧಿ ಮೈಯಲ್ಲೇ ಉಳಿಯುತ್ತದೆ. ಕಿಡ್ನಿಯ ಕೆಲಸ ತೋರಿಸುವ ರಕ್ತದ ಕ್ರಿಯಾಟಿನಿನ್ ನಾರ್ಮಲ್ ಇದ್ದರೂ ಕಿಡ್ನಿ ನಿಧಾನವಾಗಿರಬಹುದು, ಏಕೆಂದರೆ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ, ಇವರ ಮೈಯಲ್ಲಿ ಸ್ನಾಯುವೇ ಕಡಿಮೆ. ನುಂಗಲಾಗದವರಿಗೆ ಮಾತ್ರೆ ಪುಡಿ ಮಾಡುವ ಮೊದಲು ಫಾರ್ಮಸಿಸ್ಟ್ ಹತ್ತಿರ ಕೇಳಿ. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಯನ್ನು ಪುಡಿ ಮಾಡಿದರೆ ಇಡೀ ದಿನದ ಔಷಧಿ ಒಮ್ಮೆಗೇ ಮೈಗೆ ಸೇರುತ್ತದೆ.

ಹಂತ 8: ಬಾಯಿ, ಊಟ, ನುಂಗುವುದು

ತೂಕ ನೋಡಿ, ಹಳೇ ತೂಕ ಕೇಳಿ. ತಿಂಗಳಲ್ಲಿ ನೂರಕ್ಕೆ 5 ಅಥವಾ ಆರು ತಿಂಗಳಲ್ಲಿ ನೂರಕ್ಕೆ 10 ಇಳಿದಿದ್ದರೆ ಅದು ದೊಡ್ಡ ವಿಷಯ. 60 ಕೆಜಿ ಇದ್ದವರಿಗೆ ತಿಂಗಳಲ್ಲಿ 3 ಕೆಜಿ ಎಂದ ಹಾಗೆ. ತೂಕದ ಮಷೀನ್ ಇಲ್ಲದಿದ್ದರೆ ಸಡಿಲವಾದ ಉಂಗುರ, ಬಿಗಿದ ಬೆಲ್ಟಿನ ಹೊಸ ತೂತು ನೋಡಿ.

ಟಾರ್ಚ್ ಹಾಕಿ ಬಾಯಿಯೊಳಗೆ ನೋಡಿ. ಹುಣ್ಣು, ಬಿಳಿ ಪದರ, ಅಲ್ಲಾಡುವ ಹಲ್ಲು, ಹೊಂದದ ಹಲ್ಲಿನ ಸೆಟ್ ಎಷ್ಟೋ ಊಟವನ್ನು ತಪ್ಪಿಸಿವೆ. ದಿನಕ್ಕೆ ಎರಡು ಸಲ ಬಾಯಿ ಸ್ವಚ್ಛ ಮಾಡಿಸುವುದು ಬರಿ ವಾಸನೆಗಾಗಿ ಅಲ್ಲ. ಬಾಯಿಯ ಕೊಳೆ ಎದೆಗೆ ಇಳಿದರೆ ನ್ಯುಮೋನಿಯಾ.

ಊಟ ಮಾಡಿಸುವಾಗ ಬೆನ್ನು ನೆಟ್ಟಗೆ ಕೂರಿಸಿ, ನೀವೂ ಕೂತುಕೊಳ್ಳಿ. ಸಣ್ಣ ತುತ್ತು ಕೊಡಿ, ಒಂದನ್ನು ನುಂಗಿದ ಮೇಲೆ ಇನ್ನೊಂದು. ಆಮೇಲೆ ಅರ್ಧ ಗಂಟೆಯಾದರೂ ಮಲಗಿಸಬೇಡಿ. ಕೆಮ್ಮು, ಕುಡಿದ ಮೇಲೆ ನೀರು ತುಂಬಿದಂಥ ದನಿ, ಕೆನ್ನೆಯಲ್ಲಿ ಉಳಿದ ತುತ್ತು ಕಂಡರೆ ನಿಲ್ಲಿಸಿ, ಡಾಕ್ಟರಿಗೆ ತಿಳಿಸಿ, ನುಂಗುವ ಪರೀಕ್ಷೆ ಮಾಡಿಸಿ. ಕೆಮ್ಮೇ ಇಲ್ಲದೆಯೂ ಶ್ವಾಸಕೋಶಕ್ಕೆ ಇಳಿಯುವುದುಂಟು.

ಹಂತ 9: ಮೂತ್ರ, ಮಲ

ಹಿಡಿತ ತಪ್ಪುವುದು ವಯಸ್ಸಿನ ಸಹಜ ಗುಣ ಅಲ್ಲ. ಇದ್ದಕ್ಕಿದ್ದಂತೆ ಶುರುವಾದರೆ ಸೋಂಕು, ಮಲಬದ್ಧತೆ, ಹೊಸ ಮಾತ್ರೆ, ಡೆಲಿರಿಯಮ್, ಇವನ್ನು ನೋಡಿ. ಅಥವಾ ಬಚ್ಚಲು ದೂರ ಇದೆ, ಲಾಡಿ ಬಿಚ್ಚಲು ಬೆರಳು ಬರುತ್ತಿಲ್ಲ, ಅಷ್ಟೇ. ಎಚ್ಚರವಿರುವಾಗ ಎರಡು ಗಂಟೆಗೊಮ್ಮೆ ಕರೆದುಕೊಂಡು ಹೋಗುವುದು ಡೈಪರಿಗಿಂತ ಒಳ್ಳೆಯ ಮದ್ದು. ಮೂತ್ರ ವಾಸನೆ ಬಂತು, ಮಬ್ಬಾಗಿದೆ ಎಂದ ಮಾತ್ರಕ್ಕೆ ಸೋಂಕು ಎಂದು ತೀರ್ಮಾನಿಸಬೇಡಿ. ಕ್ಯಾಥಿಟರ್ (ಮೂತ್ರದ ನಳಿಕೆ) ಇದ್ದರೆ ಪ್ರತಿದಿನ ರೌಂಡ್ಸ್‌ನಲ್ಲಿ 'ಇದು ಇವತ್ತೂ ಬೇಕಾ?' ಎಂದು ಕೇಳುವವರು ನೀವಾಗಿರಿ. ನಾಲ್ಕೈದು ದಿನ ಮಲ ಹೋಗದವರಿಗೆ ನೀರಿನಂತೆ ಸೋರುತ್ತಿದ್ದರೆ ಅದು ಭೇದಿ ಅಲ್ಲದಿರಬಹುದು. ಗಟ್ಟಿ ಮಲದ ಸುತ್ತ ಜಾರಿ ಬರುತ್ತಿರುವುದು ಇರಬಹುದು. ಅಂಥವರಿಗೆ ಭೇದಿ ನಿಲ್ಲುವ ಮಾತ್ರೆ ಕೊಟ್ಟರೆ ಕಥೆ ಮುಗಿಯಿತು.

ಹಂತ 10: ಚರ್ಮ, ತಲೆಯಿಂದ ಹಿಮ್ಮಡಿವರೆಗೆ

ಬಟ್ಟೆ ಸರಿಸದೆ ಚರ್ಮ ನೋಡಿದೆ ಎಂದು ಬರೆಯಬೇಡಿ. ಸೊಂಟದ ಕೆಳಗಿನ ಮೂಳೆ, ಪೃಷ್ಠ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ, ಆಮ್ಲಜನಕದ ಪೈಪ್ ಉಜ್ಜುವ ಕಿವಿಯ ಹಿಂದೆ, ಎಲ್ಲ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ. ಬಿಳಿಚದೆ ಹಾಗೇ ಇದ್ದರೆ ಬೆಡ್‌ಸೋರ್‌ನ (ಮಲಗಿ ಮಲಗಿ ಒತ್ತಡಕ್ಕೆ ಆಗುವ ಹುಣ್ಣು) ಮೊದಲ ಹಂತ. ಕಪ್ಪು ಮೈಬಣ್ಣದಲ್ಲಿ ಈ ಕೆಂಪು ಕಾಣುವುದೇ ಇಲ್ಲ. ಅಲ್ಲಿ ಕೈಯಿಂದ ನೋಡಬೇಕು: ಸುತ್ತಲಿಗಿಂತ ಬಿಸಿಯಾ, ತಣ್ಣಗಾ, ಗಟ್ಟಿಯಾ, ಮೆತ್ತಗಾ, ಮುಟ್ಟಿದರೆ ನೋಯುತ್ತದಾ. ಎರಡನೇ ಹಂತದಲ್ಲಿ ಮೇಲ್ಚರ್ಮ ಕಿತ್ತಿರುತ್ತದೆ, ಮೂರರಲ್ಲಿ ಕೊಬ್ಬು ಕಾಣುತ್ತದೆ, ನಾಲ್ಕರಲ್ಲಿ ಸ್ನಾಯು, ಮೂಳೆ.

ಅಪಾಯ ಅಳೆಯಲು 1987ರಿಂದ ಬ್ರೇಡನ್ ಸ್ಕೇಲ್ ಇದೆ. ಸ್ಪರ್ಶದ ಅರಿವು, ತೇವ, ಓಡಾಟ, ಹೊರಳುವ ಶಕ್ತಿ, ಪೋಷಣೆ, ಉಜ್ಜಾಟ, ಹೀಗೆ ಆರು ಅಂಶ. ಒಟ್ಟು 6ರಿಂದ 23. ಇಲ್ಲಿ ಅಂಕ ಕಡಿಮೆಯಾದಷ್ಟೂ ಅಪಾಯ ಜಾಸ್ತಿ; 18 ಅಥವಾ ಕಡಿಮೆ ಇದ್ದರೆ ಕೆಲಸ ಶುರು ಮಾಡಿ. ಅಂಕ ಬರೆದು ಸುಮ್ಮನಾದರೆ ಅದು ಬರಿ ಕಾಗದ.

ಮಗ್ಗುಲು ಬದಲಿಸುವುದು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ, ಚರ್ಮ ನೋಡಿ ಹೆಚ್ಚು ಕಡಿಮೆ ಮಾಡಿ. ಪೂರ್ತಿ ಪಕ್ಕಕ್ಕೆ ಮಲಗಿಸದೆ ದಿಂಬು ಕೊಟ್ಟು 30 ಡಿಗ್ರಿ ಓರೆ ಮಾಡಿ. ಕಣಕಾಲ ಕೆಳಗೆ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿರಲಿ. ಎಳೆಯಬೇಡಿ, ಡ್ರಾ ಶೀಟ್ (ಮೈ ಕೆಳಗೆ ಅಡ್ಡ ಹಾಸಿದ ಬಟ್ಟೆ) ಹಿಡಿದು ಇಬ್ಬರು ಎತ್ತಿ. ಕೆಂಪಾದ ಮೂಳೆಯ ಜಾಗವನ್ನು ಉಜ್ಜಿ ಮಸಾಜ್ ಮಾಡಬೇಡಿ. ಮಧ್ಯೆ ತೂತಿರುವ ರಿಂಗ್ ದಿಂಬು ಕೊಡಬೇಡಿ, ಅದು ಸುತ್ತಲಿನ ರಕ್ತ ಓಡಾಟವನ್ನು ತಡೆಯುತ್ತದೆ. ಏರ್ ಬೆಡ್ ಇದ್ದರೂ ಮಗ್ಗುಲು ಬದಲಿಸಲೇಬೇಕು, ಇದನ್ನು ಮನೆಯವರಿಗೆ ನೂರು ಸಲ ಹೇಳಬೇಕಾಗುತ್ತದೆ. ಸ್ನಾನದ ನಂತರ ಒತ್ತಿ ಒರೆಸಿ, ಮಾಯಿಶ್ಚರೈಸರ್ ಹಚ್ಚಿ. ಕಾಗದದಂಥ ಚರ್ಮಕ್ಕೆ ಅಂಟುಪಟ್ಟಿ ಹಾಕುವಾಗ ಅದನ್ನು ಕೀಳಬೇಕಾದವರೂ ನಾವೇ ಎಂದು ನೆನಪಿಡಿ.

ಹಂತ 11: ನೋವು

'ನೋವಿದೆಯಾ?' ಎಂದರೆ ಇಲ್ಲ ಎನ್ನುವವರೇ 'ಎಲ್ಲಾದರೂ ಹಿಡಿದ ಹಾಗೆ, ಸೆಳೆದ ಹಾಗೆ ಆಗುತ್ತದಾ?' ಎಂದರೆ ಹೌದು ಎನ್ನುತ್ತಾರೆ. ಮಾತು ಹೋದವರಲ್ಲಿ ಮೈ ಹೇಳುತ್ತದೆ. ಡಿಮೆನ್ಷಿಯಾ ಇರುವವರಿಗೆ ಪೈನ್ಯಾಡ್ ಸ್ಕೇಲ್ ಇದೆ: ಉಸಿರು, ನರಳಾಟ, ಮುಖಭಾವ, ಮೈಯ ಬಿಗಿತ, ಸಮಾಧಾನ ಮಾಡಿದರೆ ಶಾಂತರಾಗುತ್ತಾರಾ. ಒಂದೊಂದಕ್ಕೆ 0ಯಿಂದ 2, ಒಟ್ಟು 10. ಮಲಗಿರುವಾಗ ಮಾತ್ರ ನೋಡಬೇಡಿ, ಹೊರಳಿಸುವಾಗ ನೋಡಿ.

ಹಂತ 12: ಮನೆ, ಮನುಷ್ಯರು

ಒಂದಷ್ಟು ಹೊತ್ತು ಹಿರಿಯರ ಜೊತೆ ಒಬ್ಬರೇ ಮಾತಾಡಿ. ಮನೆಯಲ್ಲಿ ಹೆದರಿಕೆ ಆಗುತ್ತದಾ, ಯಾರಾದರೂ ಬೈಯುತ್ತಾರಾ, ಹಣ ಯಾರ ಕೈಯಲ್ಲಿದೆ, ಕೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 60 ದಾಟಿದ ಆರು ಜನರಲ್ಲಿ ಒಬ್ಬರು ಒಂದು ವರ್ಷದಲ್ಲಿ ಒಂದಲ್ಲ ಒಂದು ಬಗೆಯ ದೌರ್ಜನ್ಯ ಅನುಭವಿಸುತ್ತಾರೆ. ಹಾಗೆಂದು ಮುಂಗೈಯ ಪ್ರತಿ ನೀಲಿ ಕಲೆಗೂ ಮಗನನ್ನು ಅನುಮಾನಿಸಬೇಡಿ. ರಕ್ತ ತೆಳುವಾಗುವ ಮಾತ್ರೆ, ಸ್ಟೀರಾಯ್ಡ್ ಇದ್ದರೆ ಸುಮ್ಮನೆ ತಗುಲಿದರೂ ಕಲೆಯಾಗುತ್ತದೆ. ತೋಳಿನ ಒಳಭಾಗದ ಕಲೆ, ಬೇರೆ ಬೇರೆ ದಿನದ ಕಲೆ, ಹೊಂದದ ವಿವರಣೆ, ಇವು ಬೇರೆ ವಿಷಯ. ಅವರ ಮಾತನ್ನು ಅವರದೇ ಪದಗಳಲ್ಲಿ ಬರೆದು, ನಿಮ್ಮ ಸಂಸ್ಥೆಯ ನಿಯಮದಂತೆ ಮೇಲಿನವರಿಗೆ ತಿಳಿಸಿ.

ನೋಡಿಕೊಳ್ಳುವವರನ್ನೂ ನೋಡಿ. 'ನೀವು ರಾತ್ರಿ ಎಷ್ಟು ಹೊತ್ತು ಮಲಗ್ತೀರಾ?' ಎಂದು ಕೇಳಿದ್ದಕ್ಕೆ ಅಳಲು ಶುರು ಮಾಡಿದ ಸೊಸೆಯಂದಿರನ್ನು ನಾನು ಕಂಡಿದ್ದೇನೆ.

ಇಷ್ಟೆಲ್ಲ ನೋಡಿದ ಮೇಲೆ ಏನು ಮಾಡುವುದು

ಪಟ್ಟಿಯಲ್ಲಿ ಹದಿನೈದು ಸಮಸ್ಯೆ ಬಂದಿರುತ್ತದೆ. ಎಲ್ಲಕ್ಕೂ ಕೈ ಹಾಕಿದರೆ ಒಂದೂ ಆಗುವುದಿಲ್ಲ. ಹಿರಿಯರನ್ನೇ ಕೇಳಿ: 'ನಿಮಗೆ ಮೊದಲು ಏನು ಸರಿಯಾಗಬೇಕು?' ನಾವು ಸಕ್ಕರೆಯ ಅಂಕಿಗೆ ತಲೆ ಕೆಡಿಸಿಕೊಂಡಿರುತ್ತೇವೆ, ಅವರಿಗೆ ಬೇಕಿರುವುದು ಬಾಗಿಲವರೆಗೆ ನಡೆದು ಹೋಗುವುದು. ಅದನ್ನೇ ಗುರಿ ಮಾಡಿ, ದಿನ ಹಾಕಿ ಬರೆಯಿರಿ: 'ಶುಕ್ರವಾರದೊಳಗೆ ವಾಕರ್ ಹಿಡಿದು ಬಾಗಿಲವರೆಗೆ, ದಿನಕ್ಕೆ ಎರಡು ಸಲ.' ಜೀವಕ್ಕೆ ಅಪಾಯ ತರುವುದು, ಅವರಿಗೆ ಮುಖ್ಯವಾದುದು, ಬೇಗ ಸರಿಯಾಗುವುದು, ಈ ಮೂರಕ್ಕೆ ಮೊದಲ ಜಾಗ ಕೊಡಿ.

ಯಾರ ಯೋಜನೆಯಾದರೂ ಸರಿ, ಅದರಲ್ಲಿ ಹಾಸಿಗೆಯಿಂದ ಎಬ್ಬಿಸುವುದು ಇರಲೇಬೇಕು. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಹಿರಿಯರು ಹತ್ತು ದಿನ ಹಾಸಿಗೆಯಲ್ಲೇ ಇದ್ದದ್ದಕ್ಕೆ ಕಾಲುಗಳಲ್ಲಿ ಸುಮಾರು ಒಂದು ಕೆಜಿ ಸ್ನಾಯು ಕಳೆದುಕೊಂಡರು. ಕಾಯಿಲೆ ಇರುವವರ ಗತಿ ಯೋಚಿಸಿ. 1935ರಲ್ಲಿ ಇಂಗ್ಲೆಂಡಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಡಾಕ್ಟರ್ ಮಾರ್ಜರಿ ವಾರೆನ್ ಮಾಡಿದ್ದೂ ಇದನ್ನೇ. ಹಾಸಿಗೆ ಹಿಡಿದು ಬಿದ್ದಿದ್ದ ಹಿರಿಯರನ್ನು ಒಬ್ಬೊಬ್ಬರಾಗಿ ತಪಾಸಣೆ ಮಾಡಿ ಎಬ್ಬಿಸಿದರು. ವಾಸಿಯಾಗದು ಎಂದು ಬಿಟ್ಟಿದ್ದ ಎಷ್ಟೋ ಮಂದಿ ಎದ್ದು ಮನೆಗೆ ಹೋದರು. ಊಟವನ್ನು ಹಾಸಿಗೆಯಲ್ಲಿ ಕೊಡದೆ ಕುರ್ಚಿಯಲ್ಲಿ ಕೊಡುವುದರಿಂದ ಶುರು ಮಾಡಿ. ಅವರೇ ಮಾಡಬಲ್ಲ ಕೆಲಸವನ್ನು ಅವಸರಕ್ಕೆ ನೀವು ಮಾಡಿಬಿಡಬೇಡಿ.

ದಿನವೂ ಹನ್ನೆರಡು ಹಂತ ಆಗದ ಮಾತು. ಟೆರ್ರಿ ಫುಲ್ಮರ್ ಎಂಬ ನರ್ಸ್ ರೂಪಿಸಿದ 'ಸ್ಪೈಸಸ್' ಪಟ್ಟಿ ಪ್ರತಿ ಶಿಫ್ಟಿಗೆ ಸಾಕು: ನಿದ್ದೆ, ಊಟ, ಮಲಮೂತ್ರದ ಹಿಡಿತ, ಗೊಂದಲ, ಬಿದ್ದದ್ದು, ಚರ್ಮ. ಆರರಲ್ಲಿ ಯಾವುದು ನಿನ್ನೆಗಿಂತ ಬದಲಾಗಿದೆಯೋ ಅಲ್ಲಿ ಪೂರ್ತಿ ತಪಾಸಣೆ ಮಾಡಿ.

ಇನ್ನು ಹ್ಯಾಂಡೋವರ್. 'ಆರಾಮಾಗಿದ್ದಾರೆ' ಎಂಬ ಪದವನ್ನು ನಾನು ಬಿಟ್ಟು ವರ್ಷಗಳಾದವು. ಈಗ ಹೀಗೆ ಹೇಳುತ್ತೇನೆ: 'ಆರನೇ ಬೆಡ್, 82 ವರ್ಷ. ಮಾಮೂಲಿಯಾಗಿ ಕೋಲು ಹಿಡಿದು ನಡೆಯುತ್ತಾರೆ, ಬಹಳ ಮಾತು. ಇವತ್ತು ಬೆಳಿಗ್ಗೆಯಿಂದ ಮಾತು ಕಡಿಮೆ, ವಾರದ ದಿನ ಹಿಂದಿನಿಂದ ಹೇಳಲು ಆಗಲಿಲ್ಲ. ಉಸಿರು 26, ಜ್ವರ ಇಲ್ಲ. ಮೂತ್ರ ಹೋಗಿದೆ, ಮಲ ಮೂರು ದಿನದಿಂದ ಇಲ್ಲ. ಡಾಕ್ಟರಿಗೆ ಹೇಳಿದ್ದೇನೆ, ಎಕ್ಸ್‌ರೇ ಬರೆದಿದ್ದಾರೆ. ಮಗಳು ಸಂಜೆ ಆರಕ್ಕೆ ಬರುತ್ತಾರೆ, ಅಮ್ಮ ಹೇಗೆ ಕಾಣ್ತಿದ್ದಾರೆ ಅಂತ ಅವರನ್ನು ಕೇಳಿ.'